ಹಡಗು ಕಾಯುವುದಿಲ್ಲ: ದ್ವೀಪಗಳ ಕ್ರೂಸ್‌ನಲ್ಲಿ ದಡದ ಪ್ರವಾಸ ಯೋಜಿಸುವ ಸಮಗ್ರ ಮಾರ್ಗದರ್ಶಿ

ಉಷ್ಣವಲಯದ ದ್ವೀಪಗಳಿಗೆ ಕ್ರೂಸ್ (ಬಂದರಿನಿಂದ ಬಂದರಿಗೆ ಸಾಗುವ ಹಡಗಿನ ವಿಹಾರ) ಹೋಗಿ ಬಂದವರನ್ನು ಮಾತನಾಡಿಸಿದಾಗಲೆಲ್ಲ ಒಂದೇ ಬಗೆಯ ಕೊರಗು ಕೇಳಿಬರುತ್ತದೆ: ‘ದ್ವೀಪವೇನೋ ಚೆನ್ನಾಗಿತ್ತು, ಆದರೆ ಸರಿಯಾಗಿ ಏನೂ ನೋಡಲಾಗಲಿಲ್ಲ.’ ಕೆದಕಿ ಕೇಳಿದರೆ ತಪ್ಪು ನಡೆದಿರುವುದು ದ್ವೀಪದಲ್ಲಲ್ಲ, ತಿಂಗಳುಗಳ ಹಿಂದೆ ಮನೆಯಲ್ಲಿ ಕುಳಿತು ಯೋಜನೆ ಹಾಕುವಾಗ. ಮೊದಲು ನೋಡಬೇಕಾದ ಸ್ಥಳಗಳ ಪಟ್ಟಿ ಮಾಡುತ್ತಾರೆ, ಆಮೇಲೆ ವಾಹನ ಹುಡುಕುತ್ತಾರೆ, ಗಡಿಯಾರದ ಕಡೆ ಕಣ್ಣು ಹಾಯಿಸುವುದು ಕೊನೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಅರ್ಧ ತೊಂದರೆ ಅಲ್ಲೇ ನೀಗುತ್ತದೆ. ಮೊದಲು ಗಡಿಯಾರ, ಆಮೇಲೆ ನಕ್ಷೆ, ಅದಾದ ಮೇಲೆ ಯಾರ ಜೊತೆ ಹೋಗುವುದು ಎಂಬ ತೀರ್ಮಾನ. ಸ್ಥಳ ತಾನಾಗಿಯೇ ಗೊತ್ತಾಗುತ್ತದೆ.

## ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದವು

ಹಡಗಿನ ಪ್ರಯಾಣಪಟ್ಟಿ, ಪ್ರತಿ ದ್ವೀಪದ ನಕ್ಷೆ (ಮೊಬೈಲ್‌ನಲ್ಲಿ ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಂಡದ್ದು), ಬಂದರುಗಳ ವೇಳಾಪಟ್ಟಿ, ಒಂದು ನೋಟ್‌ಬುಕ್ ಮತ್ತು ಒಂದು ಸಾಮಾನ್ಯ ಕೈಗಡಿಯಾರ. ಯಾವ ದಿನ ಯಾವ ಬಂದರಿನಲ್ಲಿ ಎಷ್ಟು ಹಡಗು ನಿಲ್ಲುತ್ತವೆ ಎಂಬುದನ್ನು ಕ್ರೂಸ್‌ಮ್ಯಾಪರ್‌ನಂತಹ ಜಾಲತಾಣಗಳಲ್ಲಿ ನೋಡಬಹುದು. ನೋಟ್‌ಬುಕ್ಕಿನಲ್ಲಿ ಬಂದರಿಗೊಂದು ಪುಟ ಮೀಸಲಿಡಿ. ಕೈಗಡಿಯಾರ ಏಕೆ ಬೇಕು ಎಂಬುದು ಮೊದಲ ಹಂತದಲ್ಲೇ ತಿಳಿಯುತ್ತದೆ. ಅದನ್ನು ಬಿಟ್ಟು ಹೊರಡಬೇಡಿ.

## ಹಂತ 1: ದಡದಲ್ಲಿ ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ?

ಪ್ರಯಾಣಪಟ್ಟಿಯಲ್ಲಿ ‘ಬೆಳಿಗ್ಗೆ 8ರಿಂದ ಸಂಜೆ 5’ ಎಂದಿದ್ದರೆ ಒಂಬತ್ತು ಗಂಟೆ ಸಿಕ್ಕಿತೆಂದು ಹಿಗ್ಗಬೇಡಿ. 8 ಗಂಟೆ ಎಂದರೆ ಹಡಗು ಧಕ್ಕೆ (ಹಡಗು ಕಟ್ಟುವ ಕಟ್ಟೆ) ಮುಟ್ಟುವ ಹೊತ್ತು. ಹಗ್ಗ ಬಿಗಿದು, ಸ್ಥಳೀಯ ಅಧಿಕಾರಿಗಳು ಕಾಗದಪತ್ರ ನೋಡಿ ಅನುಮತಿ ಕೊಟ್ಟ ಮೇಲೆಯೇ ಪ್ರಯಾಣಿಕರನ್ನು ಇಳಿಸುತ್ತಾರೆ. ಆಮೇಲೆ ಸಾವಿರಾರು ಜನ ಒಂದೆರಡು ಬಾಗಿಲುಗಳಿಂದ ಹೊರಬೀಳಬೇಕು. ನೀವು ಧಕ್ಕೆ ದಾಟಿ ರಸ್ತೆಗೆ ಬರುವ ಹೊತ್ತಿಗೆ ಎಂಟೂವರೆ, ಕೆಲವೊಮ್ಮೆ ಒಂಬತ್ತು.

ಇನ್ನೊಂದು ತುದಿಯಲ್ಲೂ ಇದೇ ಕಥೆ. 5 ಗಂಟೆ ಎಂಬುದು ಹಡಗು ಹೊರಡುವ ಸಮಯ, ನೀವು ಹತ್ತುವ ಸಮಯವಲ್ಲ. ಎಲ್ಲರೂ ಹಡಗಿನೊಳಗೆ ಇರಬೇಕಾದ ‘ಆಲ್ ಅಬೋರ್ಡ್’ ಗಡುವು ಸಾಮಾನ್ಯವಾಗಿ ಅದಕ್ಕಿಂತ ಅರ್ಧ ಗಂಟೆ ಮುಂಚೆ. ಕೆಲವು ಬಂದರುಗಳಲ್ಲಿ ಇನ್ನೂ ಮುಂಚೆ. ನಿಮ್ಮ ಲೆಕ್ಕದ ಬುಡ ಈ ಗಡುವು.

ಅದರಿಂದ ಹಿಂದಕ್ಕೆ ಎಣಿಸಿ. ಗಡುವು 4:30 ಆದರೆ ಒಂದು ಗಂಟೆ ಮೀಸಲು ತೆಗೆದಿಡಿ. ಅಂದರೆ 3:30ಕ್ಕೆ ನೀವು ಧಕ್ಕೆಯ ಬಾಗಿಲಿನಲ್ಲಿ ಇರಬೇಕು. ಬೆಳಗಿನ 8:45ರಿಂದ 3:30ರವರೆಗೆ ಎಂದರೆ ಆರೂಮುಕ್ಕಾಲು ಗಂಟೆ. ಒಂಬತ್ತು ಗಂಟೆ ಎಂದು ಕಂಡದ್ದು ಇಷ್ಟಕ್ಕೆ ಇಳಿಯಿತು. ಈ ಸಂಖ್ಯೆಯನ್ನು ಪುಟದ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಮುಂದಿನ ಪ್ರತಿ ತೀರ್ಮಾನವೂ ಇದರೊಳಗೇ ಹಿಡಿಸಬೇಕು.

ಹಡಗಿನ ಸಮಯ ಮತ್ತು ದಡದ ಸಮಯ. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಹಡಗಿನ ಗಡಿಯಾರ ಮತ್ತು ದ್ವೀಪದ ಗಡಿಯಾರ ಒಂದೇ ಆಗಿರಬೇಕೆಂದಿಲ್ಲ. ಮೆಕ್ಸಿಕೊದ ಕೊಸುಮೆಲ್ ದ್ವೀಪವನ್ನೇ ನೋಡಿ. ಅದು ಸೇರಿರುವ ಕಿಂಟಾನಾ ರೂ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಪಾಲಿಸುತ್ತಿದೆ. ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವ ಪದ್ಧತಿ ಅಲ್ಲಿಲ್ಲ. ಫ್ಲಾರಿಡಾದಲ್ಲಿ ಆ ಪದ್ಧತಿ ಇದೆ. ಹೀಗಾಗಿ ಬೇಸಿಗೆಯಲ್ಲಿ ಫ್ಲಾರಿಡಾದ ಸಮಯವನ್ನೇ ಇಟ್ಟುಕೊಂಡು ಬರುವ ಹಡಗು ದ್ವೀಪಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಚಳಿಗಾಲದಲ್ಲಿ ಟೆಕ್ಸಸ್‌ನ ಗಾಲ್ವೆಸ್ಟನ್‌ನಿಂದ ಅಲ್ಲಿನ ಸಮಯದೊಡನೆ ಬರುವ ಹಡಗಿನಲ್ಲಿ ಇದು ತಿರುವುಮುರುವು: ಹಡಗು ಒಂದು ಗಂಟೆ ಹಿಂದೆ. ಆಗ ಹಡಗು ತಪ್ಪುವುದಿಲ್ಲ, ಆದರೆ ಸ್ಥಳೀಯ ಸಮಯ 9ಕ್ಕೆ ಕಾಯ್ದಿರಿಸಿದ ದೋಣಿ ನೀವು ಇಳಿಯುವ ಮೊದಲೇ ಹೊರಟಿರುತ್ತದೆ.

ಒಂದು ಏಪ್ರಿಲ್‌ನಲ್ಲಿ ಅದೇ ದ್ವೀಪದ ಕಡಲತೀರದಲ್ಲಿ ಕುಳಿತಿದ್ದಾಗ ನನ್ನ ಮೊಬೈಲ್ 2:40 ತೋರಿಸುತ್ತಿತ್ತು, ಕೈಗಡಿಯಾರ 3:40. ಗಡುವು 4:30. ದಡದ ಟವರ್ ಸಿಕ್ಕ ಕೂಡಲೇ ಮೊಬೈಲ್ ತಾನೇ ಸಮಯ ಬದಲಿಸಿಕೊಂಡಿತ್ತು. ಮಣಿಕಟ್ಟಿನ ಮೇಲೆ ಕಣ್ಣು ಬೀಳದೆ ಹೋಗಿದ್ದರೆ ಇನ್ನೂ ಒಂದು ಸಲ ಈಜಲು ನೀರಿಗಿಳಿಯುತ್ತಿದ್ದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿ, ಪ್ರಯಾಣ ಮುಗಿಯುವವರೆಗೆ ದಡದಲ್ಲಿ ಅದನ್ನು ಮುಟ್ಟಬೇಡಿ. ಸ್ಮಾರ್ಟ್‌ವಾಚ್ ಈ ಕೆಲಸಕ್ಕೆ ಬರುವುದಿಲ್ಲ, ಅದೂ ಮೊಬೈಲ್‌ನ ಹಿಂದೆಯೇ ಓಡುತ್ತದೆ.

## ಹಂತ 2: ಹಡಗು ಧಕ್ಕೆಗೆ ಬರುತ್ತದೆಯೇ, ದೂರದಲ್ಲಿ ಲಂಗರು ಹಾಕುತ್ತದೆಯೇ?

ಪ್ರಯಾಣಪಟ್ಟಿಯಲ್ಲಿ ಬಂದರಿನ ಹೆಸರಿನ ಪಕ್ಕ ‘ಟೆಂಡರ್’ ಎಂಬ ಸಣ್ಣ ಪದ ಇದೆಯೇ ನೋಡಿ. ಇದ್ದರೆ ದೊಡ್ಡ ಹಡಗು ಸಮುದ್ರದಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಾರೆ. ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್, ಹವಾಯಿಯ ಕೋನಾ, ಫ್ರೆಂಚ್ ಪಾಲಿನೇಷ್ಯಾದ ಬೋರಾ ಬೋರಾ ಇಂಥವು. ಬೆಲೀಜ್ ಸಿಟಿಯಲ್ಲಿ ಕಡಲು ಆಳವಿಲ್ಲದ ಕಾರಣ ಹಡಗು ಕಿಲೋಮೀಟರುಗಟ್ಟಲೆ ದೂರದಲ್ಲೇ ನಿಲ್ಲುತ್ತದೆ.

ಟೆಂಡರ್ ಬಂದರಾದರೆ ಹಂತ 1ರ ಸಂಖ್ಯೆಯಿಂದ ಇನ್ನೊಂದು ಗಂಟೆ ಕಳೆಯಿರಿ. ದೋಣಿಗೆ ಚೀಟಿ ಪಡೆದು ಸರದಿ ಕಾಯಬೇಕು. ಹಡಗಿನವರ ಮೂಲಕ ಪ್ರವಾಸ ಕೊಂಡವರನ್ನು ಮೊದಲು ಕಳುಹಿಸುತ್ತಾರೆ. ಸ್ವಂತವಾಗಿ ಹೊರಟವರು ಬೆಳಿಗ್ಗೆ ಬೇಗ ಚೀಟಿ ಹಿಡಿಯದಿದ್ದರೆ ಹತ್ತು ಗಂಟೆಯಾದರೂ ಹಡಗಿನಲ್ಲೇ ಉಳಿಯುವುದುಂಟು. ಸಂಜೆ ಕೊನೆಯ ದೋಣಿಯ ಸಮಯವೇ ನಿಮ್ಮ ಗಡುವು.

ಎರಡು ಎಚ್ಚರಿಕೆ. ಅಲೆ ಎದ್ದರೆ ಮೊದಲು ರದ್ದಾಗುವುದು ಟೆಂಡರ್ ಬಂದರುಗಳೇ. ಮುಂಗಡ ಹಣ ವಾಪಸು ಕೊಡದ ಪ್ರವಾಸವನ್ನು ಇಂಥ ಬಂದರಿನಲ್ಲಿ ಎಂದೂ ಕಾಯ್ದಿರಿಸಬೇಡಿ. ಎರಡನೆಯದು ಹತ್ತಿ ಇಳಿಯುವ ಕಷ್ಟ: ದೋಣಿ ಮೇಲಕ್ಕೂ ಕೆಳಕ್ಕೂ ಆಡುತ್ತಿರುವಾಗಲೇ ಕಾಲಿಡಬೇಕು. ಗಾಲಿಕುರ್ಚಿ ಬಳಸುವವರು, ಮೊಣಕಾಲು ನೋವಿರುವವರು ಹಡಗಿನ ನಿಯಮ ಏನೆಂದು ಮೊದಲೇ ಬರೆದು ಕೇಳಿ. ಕೆಲವೊಮ್ಮೆ ಅನುಮತಿಯೇ ಸಿಗುವುದಿಲ್ಲ.

ಗ್ರ್ಯಾಂಡ್ ಕೇಮನ್‌ನಲ್ಲಿ ಇನ್ನೊಂದು ತಿರುವಿದೆ. ಜಾರ್ಜ್ ಟೌನ್ ಕಡೆ ಸಮುದ್ರ ಕೆರಳಿದ್ದರೆ ದಕ್ಷಿಣ ತೀರದ ಸ್ಪಾಟ್ಸ್ ಎಂಬಲ್ಲಿ ಜನರನ್ನು ಇಳಿಸುತ್ತಾರೆ. ನಿಮ್ಮ ಪ್ರವಾಸದವರು ಪಟ್ಟಣದಲ್ಲಿ ಫಲಕ ಹಿಡಿದು ನಿಂತಿರುತ್ತಾರೆ, ನೀವು ಬೇರೆಡೆ ಇಳಿದಿರುತ್ತೀರಿ. ಇಳಿಯುವ ಸ್ಥಳ ಬದಲಾದರೆ ಎಲ್ಲಿ ಸೇರಬೇಕು ಎಂಬುದನ್ನು ಕಾಯ್ದಿರಿಸುವಾಗಲೇ ಕೇಳಿಟ್ಟುಕೊಳ್ಳಿ.

ಧಕ್ಕೆ ಇರುವ ಬಂದರಾದರೂ ಯಾವ ಧಕ್ಕೆ ಎಂದು ನೋಡಬೇಕು. ಸೇಂಟ್ ಥಾಮಸ್‌ನಲ್ಲಿ ಹ್ಯಾವೆನ್‌ಸೈಟ್ ಮತ್ತು ಕ್ರೌನ್ ಬೇ ಎಂಬ ಎರಡು ಧಕ್ಕೆಗಳು ಪಟ್ಟಣದ ಎರಡು ಬದಿಯಲ್ಲಿವೆ. ಕೊಸುಮೆಲ್‌ನಲ್ಲಿ ಮೂರಿವೆ, ಪುಂತಾ ಲಂಗೋಸ್ತಾ ಒಂದೇ ಪೇಟೆಯ ನಡುವೆ ಇರುವುದು.

## ಹಂತ 3: ನಕ್ಷೆ ಬಿಡಿಸಿ, ಗಾಳಿಯ ದಿಕ್ಕು ಗುರುತಿಸಿ

ಚಿತ್ರ ನೋಡಿ ಕಡಲತೀರ ಆರಿಸುವವರು ಗಾಳಿಯನ್ನು ಮರೆಯುತ್ತಾರೆ. ಉಷ್ಣವಲಯದಲ್ಲಿ ವಾಣಿಜ್ಯ ಮಾರುತಗಳು ಬಹುಮಟ್ಟಿಗೆ ಪೂರ್ವದ ಕಡೆಯಿಂದಲೇ ಬೀಸುತ್ತವೆ. ಆದ್ದರಿಂದ ದ್ವೀಪದ ಪೂರ್ವ ತೀರ ಗಾಳಿಗೆ ಎದೆಯೊಡ್ಡಿ ನಿಂತಿರುತ್ತದೆ, ಪಶ್ಚಿಮ ತೀರ ಮರೆಯಲ್ಲಿರುತ್ತದೆ. ಬಾರ್ಬಡೋಸ್‌ನ ಪೂರ್ವದ ಬ್ಯಾತ್‌ಶೀಬಾದಲ್ಲಿ ಅಟ್ಲಾಂಟಿಕ್ ಅಲೆಗಳು ಬಂಡೆಗೆ ಅಪ್ಪಳಿಸುತ್ತಿರುವಾಗ ಅದೇ ದ್ವೀಪದ ಪಶ್ಚಿಮ ತೀರದ ನೀರು ಕೆರೆಯಂತೆ ನಿಂತಿರುತ್ತದೆ. ಮೊದಲನೆಯದು ಕಣ್ಣಿಗೆ ಹಬ್ಬ, ಎರಡನೆಯದು ಈಜಿಗೆ. ಮಕ್ಕಳೊಂದಿಗೆ ಹೋಗುವವರು, ಮೊದಲ ಸಲ ಸ್ನಾರ್ಕೆಲ್ (ಮುಖ ನೀರಿನಲ್ಲಿಟ್ಟು ಈಜುವಾಗ ಉಸಿರಾಡುವ ಕೊಳವೆ) ಹಿಡಿಯುವವರು ಮರೆಯ ತೀರವನ್ನೇ ಆರಿಸಬೇಕು. ಕೆರಿಬಿಯನ್‌ನಲ್ಲಿ ವಸಂತದಿಂದ ಬೇಸಿಗೆಯ ಕೊನೆಯವರೆಗೆ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ತೇಲಿಬಂದು ಕೊಳೆತು ನಾರುವುದೂ ಹೆಚ್ಚಾಗಿ ಗಾಳಿಯ ಕಡೆಯ ತೀರಗಳಲ್ಲೇ. ಹೊರಡುವ ವಾರ ಆ ತೀರದ ತಾಜಾ ಫೋಟೊ ಹುಡುಕಿ ನೋಡಿ. ಪ್ರಚಾರದ ಚಿತ್ರ ಸಾಲದು.

ಬೆಟ್ಟವಿರುವ ದ್ವೀಪಗಳಲ್ಲಿ ಮೋಡ ಕಟ್ಟುವುದು ಬೆಟ್ಟದ ಮೇಲೆ, ಅದೂ ಮಧ್ಯಾಹ್ನದ ಹೊತ್ತಿಗೆ ಹೆಚ್ಚು. ಕಾಡು, ಜಲಪಾತ, ಶಿಖರ ಬೆಳಿಗ್ಗೆ; ಕಡಲತೀರ ಆಮೇಲೆ. ಈ ಕ್ರಮಕ್ಕೆ ಇನ್ನೊಂದು ಲಾಭವೂ ಇದೆ. ಕಡಲತೀರ ಸಾಮಾನ್ಯವಾಗಿ ಬಂದರಿಗೆ ಹತ್ತಿರ ಇರುವುದರಿಂದ ದಿನ ಕಳೆದಂತೆ ನೀವು ಹಡಗಿಗೆ ಸಮೀಪವಾಗುತ್ತಾ ಬರುತ್ತೀರಿ. ದೂರದ ಸ್ಥಳ ಮೊದಲು, ಹತ್ತಿರದ್ದು ಕೊನೆಗೆ: ಇದೊಂದನ್ನು ಪಾಲಿಸಿದರೂ ಅರ್ಧ ಅಪಾಯ ತಪ್ಪುತ್ತದೆ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಸೇಂಟ್ ಲೂಸಿಯಾದ ಕ್ಯಾಸ್ಟ್ರೀಸ್‌ನಿಂದ ಪಿಟನ್ ಶಿಖರಗಳಿರುವ ಸೂಫ್ರಿಯೇರ್‌ಗೆ ನಕ್ಷೆಯಲ್ಲಿ ಗೇಣುದ್ದ. ಆದರೆ ಆ ರಸ್ತೆ ತಿರುವುಗಳಲ್ಲೇ ಸಾಗುತ್ತದೆ. ಒಂದು ಗಂಟೆಗೂ ಮಿಗಿಲು ಹಿಡಿಯುತ್ತದೆ. ಡೊಮಿನಿಕಾದ ‘ಕುದಿಯುವ ಸರೋವರ’ಕ್ಕೆ ಕಾಲುದಾರಿಯಲ್ಲಿ ಹೋಗಿಬರಲು ಆರು ಗಂಟೆಯಷ್ಟು ಬೇಕು. ಬಂದರಿನಲ್ಲಿ ಒಂದು ಹಗಲು ಮಾತ್ರ ನಿಲ್ಲುವವರು ಅದನ್ನು ಪಟ್ಟಿಯಿಂದ ಹೊಡೆದುಹಾಕಿ, ಹತ್ತಿರದ ಟ್ರಫಾಲ್ಗರ್ ಜಲಪಾತ ನೋಡಿಬರುವುದು ಜಾಣತನ.

ಕೊಸುಮೆಲ್‌ನಲ್ಲಿ ಇಳಿದು, ಸಮುದ್ರದಾಚೆ ಮುಖ್ಯಭೂಮಿಯಲ್ಲಿರುವ ಟುಲುಮ್‌ನಲ್ಲಿ ಪ್ರಾಚೀನ ಮಾಯಾ ನಾಗರಿಕತೆಯ ಅವಶೇಷ ನೋಡುವ ಆಸೆ ಬಹಳ ಜನರಿಗೆ. ಲೆಕ್ಕ ಹಾಕಿ. ಧಕ್ಕೆಯಿಂದ ಫೆರಿ (ಜನರನ್ನು ದಾಟಿಸುವ ದೋಣಿ) ನಿಲ್ದಾಣಕ್ಕೆ, ಕಾಯುವುದು, ಪ್ಲಾಯಾ ದೆಲ್ ಕಾರ್ಮೆನ್‌ಗೆ ಸುಮಾರು 45 ನಿಮಿಷದ ಫೆರಿ, ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ. ಹೋಗಲು ಎರಡೂವರೆ, ಬರಲು ಎರಡೂವರೆ. ಉಳಿದ ಒಂದೂಮುಕ್ಕಾಲು ಗಂಟೆಯಲ್ಲಿ ಸುಡುವ ಬಿಸಿಲಿನಲ್ಲಿ ಕಲ್ಲುಗಳ ನಡುವೆ ಓಡಾಟ, ಮನಸ್ಸೆಲ್ಲ ಫೆರಿಯ ಮೇಲೆ. ಅದೇ ಕೊಸುಮೆಲ್ ದ್ವೀಪದ ಒಳಗೇ ಸಾನ್ ಹೆರ್ವಾಸಿಯೊ ಎಂಬ ಮಾಯಾ ಅವಶೇಷವಿದೆ. ಸಮುದ್ರ ದಾಟುವ ಗೋಜಿಲ್ಲ. ಟುಲುಮ್‌ನಷ್ಟು ಭವ್ಯವಲ್ಲ, ಒಪ್ಪುತ್ತೇನೆ. ಆದರೆ ನಿಂತು ನೋಡಲು ಸಮಯ ಸಿಗುತ್ತದೆ.

ಹೀಗೊಂದು ಅಳತೆಗೋಲು ಇಟ್ಟುಕೊಳ್ಳಿ: ಹೋಗಿಬರುವ ಹೊತ್ತು, ಸಿಕ್ಕಿದ ಒಟ್ಟು ಹೊತ್ತಿನ ಮೂರನೇ ಒಂದು ಭಾಗ ಮೀರಬಾರದು. ಮೀರಿದರೆ ಆ ಸ್ಥಳವನ್ನು ಕೈಬಿಡಿ.

## ಹಂತ 4: ಯಾರ ಮೂಲಕ ಹೋಗುವುದು?

ದಾರಿಗಳು ಮೂರು: ಹಡಗಿನವರು ಮಾರುವ ಪ್ರವಾಸ, ದ್ವೀಪದ ಖಾಸಗಿ ಪ್ರವಾಸ ಸಂಸ್ಥೆ, ಅಥವಾ ಸ್ವಂತ ಓಡಾಟ. ಯಾವುದು ಉತ್ತಮ ಎಂದು ಕೇಳುವುದೇ ತಪ್ಪು ಪ್ರಶ್ನೆ. ಬಂದರಿನಿಂದ ಬಂದರಿಗೆ ಉತ್ತರ ಬೇರೆ.

ಹಡಗಿನ ಪ್ರವಾಸದ ಬೆಲೆ ಹೆಚ್ಚು, ಗುಂಪು ದೊಡ್ಡದು. ಆದರೆ ಅದರಲ್ಲಿ ಹೋದವರ ಬಸ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಹೊರುತ್ತದೆ. ಬಂದರು ರದ್ದಾದರೆ ಹಣ ತಾನಾಗಿಯೇ ಹಿಂದಿರುಗುತ್ತದೆ. ಆದ್ದರಿಂದ ಟೆಂಡರ್ ಬಂದರು, ಫೆರಿ ದಾಟಬೇಕಾದ ಸ್ಥಳ, ಒಂದೂವರೆ ಗಂಟೆಗಿಂತ ದೂರದ ಜಾಗ, ದಾರಿ ಒಂದೇ ಇರುವ ಬೆಟ್ಟ: ಇಂಥ ಕಡೆ ಹೆಚ್ಚು ಹಣ ಕೊಟ್ಟಾದರೂ ಹಡಗಿನವರ ಜೊತೆ ಹೋಗಿ.

ಖಾಸಗಿ ಸಂಸ್ಥೆಯ ಗುಂಪು ಚಿಕ್ಕದು, ಮಾರ್ಗದರ್ಶಿಯ ಜೊತೆ ಮಾತಿಗೆ ಅವಕಾಶ, ಜನಜಂಗುಳಿ ಸೇರುವ ಮೊದಲೇ ತಲುಪಬಹುದು. ಹತ್ತು ಜನರ ದೋಣಿಯಲ್ಲಿ ಸ್ನಾರ್ಕೆಲ್ ಮಾಡುವುದಕ್ಕೂ ನೂರು ಜನರ ಕ್ಯಾಟಮರಾನ್‌ನಲ್ಲಿ ಮಾಡುವುದಕ್ಕೂ ಹೋಲಿಕೆಯೇ ಇಲ್ಲ. ಆದರೆ ತಡವಾದರೆ ಹಡಗು ಕಾಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಪಶ್ಚಿಮಕ್ಕಿರುವ ಸಾವೊ ಟೊಮೆ ದ್ವೀಪದಲ್ಲಿ ಖಾಸಗಿ ಪ್ರವಾಸ ಹೋಗಿದ್ದ ಎಂಟು ಮಂದಿ ತಡವಾಗಿ ಬಂದರು. ಹಡಗು ಇನ್ನೂ ಕಣ್ಣಿಗೆ ಕಾಣುತ್ತಿತ್ತು. ಕರಾವಳಿ ಪಡೆಯ ದೋಣಿ ಅವರನ್ನು ಅದರ ಬಳಿಗೂ ಒಯ್ದಿತು. ಹತ್ತಿಸಿಕೊಳ್ಳಲಿಲ್ಲ. ಹಲವು ದೇಶಗಳನ್ನು ಹಾದು, ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಅವರು ಹಡಗು ಸೇರಿದರು.

ಸ್ವಂತ ಓಡಾಟಕ್ಕೆ ಹೇಳಿ ಮಾಡಿಸಿದ ಬಂದರುಗಳಿವೆ. ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಹಳೇ ಪಟ್ಟಣ ಧಕ್ಕೆಯ ಎದುರಿಗೇ ಇದೆ, ಎಲ್ ಮೊರೊ ಕೋಟೆಗೆ ನಡೆದೇ ಹೋಗಬಹುದು. ಸೇಂಟ್ ಮಾರ್ಟಿನ್‌ನ ಫಿಲಿಪ್ಸ್‌ಬರ್ಗ್‌ನಲ್ಲಿ ಪೇಟೆಯ ಬೆನ್ನಿಗೇ ಕಡಲತೀರ. ಕುರಸಾವೊದ ವಿಲ್ಲೆಮ್‌ಸ್ಟಾಡ್‌ನಲ್ಲಿ ಹಡಗು ಕಟ್ಟುವ ಒತ್ರಬಂದಾ ಕಡೆಯಿಂದ ಪುಂಡಾ ಕಡೆಗೆ ತೇಲುವ ಸೇತುವೆ ದಾಟಿದರಾಯಿತು. ಆ ಸೇತುವೆ ಹಡಗುಗಳಿಗೆ ದಾರಿ ಬಿಡಲು ಆಗಾಗ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಆಗ ಉಚಿತ ಫೆರಿ ಹತ್ತಬೇಕು. ಹಿಂದಿರುಗುವಾಗ ಅದಕ್ಕೂ ಕಾಲು ಗಂಟೆ ಮೀಸಲಿಡಿ.

ಕಾರು ಬಾಡಿಗೆಗೆ ಪಡೆಯುವವರು ಯಾವ ಬದಿಯಲ್ಲಿ ಓಡಿಸಬೇಕೆಂದು ನೋಡಿಕೊಳ್ಳಿ. ಬಾರ್ಬಡೋಸ್, ಜಮೈಕಾ, ಕೇಮನ್, ಬಹಾಮಾಸ್‌ನಲ್ಲಿ ಎಡಬದಿ; ಕೊಸುಮೆಲ್, ಅರೂಬಾ, ಸೇಂಟ್ ಮಾರ್ಟಿನ್‌ನಲ್ಲಿ ಬಲಬದಿ. ಸ್ಕೂಟರ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಅಪರಿಚಿತ ರಸ್ತೆ, ಮರಳು ಹರಡಿದ ತಿರುವು, ಈಜುಡುಗೆಯಲ್ಲಿರುವ ಸವಾರ. ಪ್ರಯಾಣ ವಿಮೆಗಳಲ್ಲಿ ಸ್ಕೂಟರ್ ಅಪಘಾತವನ್ನು ಹೊರಗಿಟ್ಟಿರುವುದು ಮಾಮೂಲು.

## ಹಂತ 5: ಎಲ್ಲ ಬಂದರುಗಳನ್ನೂ ಒಟ್ಟಿಗೆ ಇಟ್ಟು ನೋಡಿ

ಒಂದೊಂದು ಬಂದರನ್ನು ಬಿಡಿಬಿಡಿಯಾಗಿ ಯೋಜಿಸಿದರೆ ವಾರದ ಕೊನೆಗೆ ಮೈ ಸೋತುಹೋಗುತ್ತದೆ. ಪುಟಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ. ನಾಲ್ಕು ದಿನ ಸತತ ಬಂದರು ಇದ್ದರೆ ಎರಡು ದಿನ ದೊಡ್ಡ ಪ್ರವಾಸ, ಒಂದು ದಿನ ಅರ್ಧದಿನದ್ದು, ಒಂದು ದಿನ ಬರಿಯ ನಡಿಗೆ. ಮೂರು ದ್ವೀಪಗಳಲ್ಲೂ ಸ್ನಾರ್ಕೆಲ್ ಮಾಡಬೇಡಿ. ಅತ್ಯುತ್ತಮವಾದ ಒಂದನ್ನು ಆರಿಸಿ.

ಸ್ಕೂಬಾ ಡೈವಿಂಗ್ ಮಾಡುವವರಿಗೆ ಇದು ಪ್ರಾಣದ ಪ್ರಶ್ನೆ. ಒಂದೇ ಡೈವ್ ಮಾಡಿದ್ದರೆ ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡುವು ಇರಬೇಕೆಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸೂಚನೆ. ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಹೋಗುವ ಮೊದಲೇ ಗಾಳಿಯ ಒತ್ತಡ ಕಡಿಮೆಯಾದರೆ ಗುಳ್ಳೆಗಟ್ಟಿ ನರಗಳಿಗೂ ಕೀಲುಗಳಿಗೂ ಹಾನಿ ಮಾಡುತ್ತದೆ. ಆದ್ದರಿಂದ ಕೊನೆಯ ಬಂದರಿನಲ್ಲಿ ಡೈವ್ ಬೇಡ.

ವಿಮಾನವಷ್ಟೇ ಅಲ್ಲ, ಎತ್ತರದ ಬೆಟ್ಟವೂ ಅಪಾಯವೇ. ಹವಾಯಿಯ ಮಾವಿ ದ್ವೀಪದ ಕಹುಲುಯಿಯಲ್ಲಿ ರಾತ್ರಿ ತಂಗುವ ಹಡಗುಗಳಿವೆ. ಮೊದಲ ದಿನ ಡೈವ್, ಮರುದಿನ ನಸುಕಿನಲ್ಲಿ ಹಲೇಅಕಲಾ ಶಿಖರದಲ್ಲಿ ಸೂರ್ಯೋದಯ ಎಂದು ಜೋಡಿಸಲು ಮನಸ್ಸಾಗುತ್ತದೆ. ಆ ಶಿಖರದ ಎತ್ತರ 3,055 ಮೀಟರ್. ಮೊದಲು ಬೆಟ್ಟ, ಆಮೇಲೆ ಡೈವ್, ತಿರುವುಮುರುವು ಮಾಡಲೇಬೇಡಿ. ಸ್ವಂತ ವಾಹನದಲ್ಲಿ ಸೂರ್ಯೋದಯಕ್ಕೆ ಹೋಗುವವರು ಮುಂಚಿತವಾಗಿ ಕಾಯ್ದಿರಿಸಿರಬೇಕು ಎಂಬ ನಿಯಮವೂ 2017ರಿಂದ ಇದೆ.

## ಹಂತ 6: ಕಾಯ್ದಿರಿಸುವುದು

ಮೊದಲು ಬೇರೆ ಎಷ್ಟು ಹಡಗು ಅದೇ ದಿನ ಬರುತ್ತವೆ ನೋಡಿ. ಐದಾರು ಹಡಗು ನಿಲ್ಲುವ ದಿನವಾದರೆ ಜನಪ್ರಿಯ ಸ್ಥಳಕ್ಕೆ ದಿನದ ಮೊದಲ ತಂಡದಲ್ಲೇ ಜಾಗ ಹಿಡಿಯಿರಿ. ಖಾಸಗಿ ಸಂಸ್ಥೆಗೆ ಹಣ ಕಟ್ಟುವ ಮುನ್ನ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ:

- ಹಡಗು ಬಂದರಿಗೆ ಬರದಿದ್ದರೆ ಪೂರ್ತಿ ಹಣ ವಾಪಸು ಸಿಗುತ್ತದೆಯೇ?
- ಹೇಳಿರುವ ಸಮಯ ಹಡಗಿನದೇ, ಸ್ಥಳೀಯವೇ?
- ಸೇರುವ ಜಾಗ ಯಾವ ಧಕ್ಕೆಯ ಯಾವ ಬಾಗಿಲ ಬಳಿ?
- ಗುಂಪಿನಲ್ಲಿ ಹೆಚ್ಚೆಂದರೆ ಎಷ್ಟು ಜನ?
- ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ?
- ವಾಪಸು ಧಕ್ಕೆಗೆ ಎಷ್ಟು ಗಂಟೆಗೆ ಬಿಡುತ್ತೀರಿ?

ಹಡಗಿನ ಹೆಸರು ಮತ್ತು ಗಡುವನ್ನು ನೀವೂ ಅವರಿಗೆ ಬರೆದು ತಿಳಿಸಿ. ‘ಎಲ್ಲ ಸರಿಹೋಗುತ್ತದೆ, ಬನ್ನಿ’ ಎಂದಷ್ಟೇ ಉತ್ತರಿಸುವ ಸಂಸ್ಥೆಯನ್ನು ಬಿಟ್ಟುಬಿಡಿ. ಪೂರ್ತಿ ಹಣ ಮುಂಗಡ ಕೇಳುವುದು, ವಿಮೆ ಇದೆಯೇ ಎಂದು ಕೇಳಿದರೆ ಜಾರಿಕೊಳ್ಳುವುದು, ವಾಪಸು ಬಿಡುವ ಸಮಯ ಗಡುವಿಗೆ ಅರ್ಧ ಗಂಟೆ ಮಾತ್ರ ಮೊದಲಿರುವುದು: ಮೂರೂ ಹಿಂದೆ ಸರಿಯಬೇಕೆಂಬುದರ ಸೂಚನೆ.

ನಿಮ್ಮ ಪಾಸ್‌ಪೋರ್ಟಿಗೆ ಪ್ರತಿ ಬಂದರಿನಲ್ಲೂ ಇಳಿಯಲು ವೀಸಾ ಬೇಕೇ ಎಂಬುದನ್ನು ಆಯಾ ದೇಶದ ಅಧಿಕೃತ ಜಾಲತಾಣದಲ್ಲಿ ಪರಿಶೀಲಿಸಿ. ಕೆಲವು ಗಂಟೆ ಮಾತ್ರ ಇಳಿಯುತ್ತೇವೆ, ಯಾರು ಕೇಳುತ್ತಾರೆ ಎಂಬ ಧೈರ್ಯ ಬೇಡ.

ಅಟ್ಲಾಂಟಿಕ್‌ನ ಚಂಡಮಾರುತ ಋತು ಜೂನ್ 1ರಿಂದ ನವೆಂಬರ್ 30. ಆ ಅವಧಿಯಲ್ಲಿ ಹೊರಟರೆ ಹಡಗು ಒಂದು ದ್ವೀಪ ಬಿಟ್ಟು ಇನ್ನೊಂದಕ್ಕೆ ಹೋಗುವುದು ಅಪರೂಪವಲ್ಲ. ರದ್ದು ಮಾಡಲು ಬರುವ ಪ್ರವಾಸಗಳನ್ನೇ ಆರಿಸಿ.

## ಹಂತ 7: ಹಿಂದಿನ ರಾತ್ರಿ ಚೀಲ ತುಂಬುವುದು

ಕ್ಯಾಬಿನ್ ಕಾರ್ಡ್, ಫೋಟೊ ಇರುವ ಗುರುತಿನ ಚೀಟಿ, ಪಾಸ್‌ಪೋರ್ಟಿನ ನಕಲು, ಸ್ಥಳೀಯವಾಗಿ ನಡೆಯುವ ಸ್ವಲ್ಪ ನಗದು, ಒಂದು ಬ್ಯಾಂಕ್ ಕಾರ್ಡ್, ದಿನವೂ ನುಂಗುವ ಮಾತ್ರೆಗಳು (ಒಂದು ದಿನಕ್ಕಲ್ಲ, ಮೂರು ದಿನಕ್ಕಾಗುವಷ್ಟು), ನೀರು, ನೀರಿನಲ್ಲಿ ಹಾಕುವ ರಬ್ಬರ್ ಚಪ್ಪಲಿ, ತುಂಬುತೋಳಿನ ಈಜು ಅಂಗಿ. ಹಡಗಿನಲ್ಲಿ ದಿನವೂ ಕೊಡುವ ಮಾಹಿತಿ ಪತ್ರದಲ್ಲಿ ಬಂದರಿನ ಏಜೆಂಟರ (ದಡದಲ್ಲಿ ಹಡಗಿನ ಪರವಾಗಿ ಕೆಲಸ ನೋಡಿಕೊಳ್ಳುವವರ) ದೂರವಾಣಿ ಸಂಖ್ಯೆ ಇರುತ್ತದೆ. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ, ಕಾಗದದ ಮೇಲೂ ಬರೆದುಕೊಳ್ಳಿ.

ತುಂಬುತೋಳಿನ ಅಂಗಿಯ ಮಾತು ಸುಮ್ಮನೆ ಹೇಳಿದ್ದಲ್ಲ. ಸ್ನಾರ್ಕೆಲ್ ಮಾಡುವಾಗ ಮುಖ ನೀರೊಳಗೆ, ಬೆನ್ನು ಬಿಸಿಲಿಗೆ. ನೀರಿನ ತಂಪಿನಲ್ಲಿ ಉರಿ ಗೊತ್ತಾಗುವುದಿಲ್ಲ. ರಾತ್ರಿ ಹಾಸಿಗೆಗೆ ಬೆನ್ನು ತಾಗಿಸಲಾಗದಾಗ ಗೊತ್ತಾಗುತ್ತದೆ. ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವವುಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ 2020ರಿಂದಲೇ ನಿಷೇಧವಿದೆ. ಇವುಗಳ ಬದಲು ಜಿಂಕ್ ಆಕ್ಸೈಡ್ ಮಾತ್ರ ಇರುವುದನ್ನು ಕೊಂಡರೆ ಈ ನಿಷೇಧಗಳು ತಾಗುವುದಿಲ್ಲ.

ಬಿಟ್ಟುಹೋಗಬೇಕಾದವೂ ಇವೆ. ಬಾರ್ಬಡೋಸ್, ಸೇಂಟ್ ಲೂಸಿಯಾ, ಜಮೈಕಾ ಮೊದಲಾದೆಡೆ ಸೈನಿಕರ ಬಣ್ಣದ ಚಿತ್ತಾರವಿರುವ ಬಟ್ಟೆ ಸಾರ್ವಜನಿಕರಿಗೆ ನಿಷಿದ್ಧ. ಮಗುವಿನ ಟೋಪಿಯಾದರೂ ಬೇಡ. ಹಡಗಿನ ಹಣ್ಣು, ಸ್ಯಾಂಡ್‌ವಿಚ್ ದಡಕ್ಕೆ ಒಯ್ಯುವುದನ್ನು ಬಹಳಷ್ಟು ದ್ವೀಪಗಳು ತಡೆಯುತ್ತವೆ.

ಸಮುದ್ರದ ಮೇಲೆ ಮೊಬೈಲ್ ಅನ್ನು ಏರ್‌ಪ್ಲೇನ್ ಮೋಡ್‌ನಲ್ಲೇ ಇಡಿ. ಹಡಗಿನ ಉಪಗ್ರಹ ಜಾಲಕ್ಕೆ ಅದು ತಾನೇ ಅಂಟಿಕೊಂಡರೆ ಬಿಲ್ಲು ಎದೆ ಒಡೆಯುವಂತಿರುತ್ತದೆ.

## ಹಂತ 8: ನೀರಿನಲ್ಲಿ, ಮರಳಿನ ಮೇಲೆ, ಜಲಪಾತದ ಕೆಳಗೆ

ನೀರಿಗಿಳಿಯುವ ಮೊದಲು ಬಾವುಟ ನೋಡಿ. ಕೆಂಪು ಒಂದಿದ್ದರೆ ಅಪಾಯ, ಎರಡಿದ್ದರೆ ನೀರಿಗಿಳಿಯುವುದೇ ನಿಷೇಧ, ನೇರಳೆ ಬಣ್ಣವಾದರೆ ಲೋಳೆಮೀನಿನಂತಹ ಕುಟುಕುವ ಜೀವಿಗಳಿವೆ. ಬಾವುಟವೇ ಇಲ್ಲದ ತೀರದಲ್ಲಿ ಐದು ನಿಮಿಷ ಸುಮ್ಮನೆ ನಿಂತು ಅಲೆ ಗಮನಿಸಿ. ಎರಡು ಕಡೆ ಅಲೆ ಮುರಿಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಬಣ್ಣ ಗಾಢವಾಗಿ ಕಂಡರೆ ಅದೇ ಒಳಕ್ಕೆ ಎಳೆಯುವ ಸೆಳವು. ಹೊಸಬರು ಶಾಂತವಾಗಿದೆಯೆಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದತ್ತ ನೇರ ಈಜಿ ದಣಿಯಬೇಡಿ; ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ.

ಸ್ನಾರ್ಕೆಲ್ ಮುಖವಾಡವನ್ನು ಮೊದಲು ಸೊಂಟದಷ್ಟು ನೀರಿನಲ್ಲಿ ಹಾಕಿ ಹತ್ತು ನಿಮಿಷ ಉಸಿರಾಡಿ ನೋಡಿ. ಈಜು ಬಂದರೂ ತೇಲುವ ಜಾಕೆಟ್ ಧರಿಸಿ. ಏದುಸಿರು ಬಂದರೆ ಮುಖವಾಡ ಕಿತ್ತು, ಬೆನ್ನ ಮೇಲೆ ತೇಲಿ, ಕೈ ಎತ್ತಿ ಕರೆಯಿರಿ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕಿಳಿಯಬಾರದು.

ಕೆರಿಬಿಯನ್ ತೀರದ ಮರಳಿನಲ್ಲಿ ಸಣ್ಣ ಹಸಿರು ಸೇಬಿನಂತಹ ಹಣ್ಣು ಬಿದ್ದಿದ್ದರೆ ಮುಟ್ಟಬೇಡಿ, ಮಕ್ಕಳು ಎತ್ತಿಕೊಳ್ಳದಂತೆ ನೋಡಿಕೊಳ್ಳಿ. ಅದು ಮ್ಯಾಂಚಿನೀಲ್ ಮರದ್ದು. ಅದರ ಹಾಲಿನಂತಹ ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಹಣ್ಣು ಕಚ್ಚಿದರೆ ಗಂಟಲು ಸುಟ್ಟು ಊದಿಕೊಳ್ಳುತ್ತದೆ. ಮಳೆ ಬಂತೆಂದು ಅದರ ಕೆಳಗೆ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೇ ಸುಡುತ್ತದೆ. ಕೆಲವೆಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಎಲ್ಲ ಕಡೆಯೂ ಇರುವುದಿಲ್ಲ.

ಜಲಪಾತದ ಕೆಳಗೆ ಈಜುವಾಗ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿಗಳು ತೇಲಿಬರತೊಡಗಿದರೆ, ಮೇಲಿನಿಂದ ಬರುವ ಸದ್ದು ದಪ್ಪವಾದರೆ ತಕ್ಷಣ ಎತ್ತರದ ಜಾಗಕ್ಕೆ ಹತ್ತಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಬೆಟ್ಟದ ಮೇಲೆ ಮಳೆ ಸುರಿದಿರುತ್ತದೆ. ಚಪ್ಪಲಿ, ಚೀಲ ಅಲ್ಲೇ ಬಿಡಿ.

ಸೇಂಟ್ ಮಾರ್ಟಿನ್‌ನ ಮಾಹೋ ತೀರದಲ್ಲಿ ತಲೆಯ ಮೇಲೇ ವಿಮಾನ ಇಳಿಯುವುದನ್ನು ನೋಡಬಹುದು. ಆದರೆ ಏರುವ ವಿಮಾನದ ಹಿಂದೆ ಬೇಲಿ ಹಿಡಿದು ನಿಲ್ಲಬೇಡಿ. 2017ರಲ್ಲಿ ಎಂಜಿನ್ನಿನ ಗಾಳಿಯ ಹೊಡೆತಕ್ಕೆ ಪ್ರವಾಸಿಯೊಬ್ಬರು ಅಲ್ಲಿ ಪ್ರಾಣ ಕಳೆದುಕೊಂಡರು.

ದೋಣಿಯಲ್ಲಿ ಹೊಟ್ಟೆ ತೊಳಸುವವರು ಮಾತ್ರೆಯನ್ನು ಹತ್ತುವ ಅರ್ಧದಿಂದ ಒಂದು ಗಂಟೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

## ಹಂತ 9: ಮರಳುವುದು, ತಪ್ಪಿಹೋದರೆ ಏನು ಮಾಡುವುದು

ಟ್ಯಾಕ್ಸಿಯಲ್ಲಿ ದೂರದ ತೀರಕ್ಕೆ ಹೋದರೆ, ಇಳಿಯುವಾಗಲೇ ಅದೇ ಚಾಲಕರಿಗೆ ಮರಳಿ ಬರಲು ಸಮಯ ಹೇಳಿ, ವಾಪಸಿನ ಬಾಡಿಗೆಯನ್ನು ಬಂದ ಮೇಲೇ ಕೊಡಿ. ಹೇಳಿದ ಸಮಯಕ್ಕೆ ಹದಿನೈದು ನಿಮಿಷ ಮೀರಿದರೆ ಇನ್ನೊಂದು ವಾಹನ ಹಿಡಿಯಿರಿ, ಕಾಯುತ್ತಾ ಕೂರಬೇಡಿ. ಹಲವು ಹಡಗುಗಳು ಒಟ್ಟಿಗೆ ಹೊರಡುವ ದಿನ ಬಂದರಿಗೆ ಹೋಗುವ ರಸ್ತೆ ಮೂರು ಗಂಟೆಯಿಂದಲೇ ಕಟ್ಟಿಕೊಳ್ಳುತ್ತದೆ.

ತಡವಾಗುವುದು ಖಚಿತವೆನಿಸಿದ ಕ್ಷಣವೇ ಏಜೆಂಟರಿಗೆ ಕರೆ ಮಾಡಿ. ಎಲ್ಲಿದ್ದೀರಿ, ಎಷ್ಟು ಜನ, ಎಷ್ಟು ನಿಮಿಷದಲ್ಲಿ ತಲುಪುತ್ತೀರಿ ಎಂದು ಹೇಳಿ. ಐದು ಹತ್ತು ನಿಮಿಷದ ಮಾತಾದರೆ ಕೆಲವೊಮ್ಮೆ ಗ್ಯಾಂಗ್‌ವೇ (ಹಡಗು ಹತ್ತುವ ಕಿರುಸೇತುವೆ) ತೆಗೆಯುವುದನ್ನು ತುಸು ತಡೆಯುತ್ತಾರೆ. ಅದನ್ನು ನಂಬಿಕೊಂಡು ಹೊರಡಬೇಡಿ. ಒಮ್ಮೆ ಹಗ್ಗ ಬಿಚ್ಚಿದರೆ ಮತ್ತೆ ಧಕ್ಕೆಗೆ ಬರುವುದಿಲ್ಲ.

ಹಡಗು ಹೋಗಿಬಿಟ್ಟಿದ್ದರೆ ವಿಮಾನ ನಿಲ್ದಾಣಕ್ಕೆ ಓಡಬೇಡಿ. ಯಾರಾದರೂ ಹತ್ತಿಲ್ಲವೆಂದು ಖಚಿತವಾದಾಗ ಸಿಬ್ಬಂದಿ ಅವರ ಕ್ಯಾಬಿನ್ನಿನ ಸೇಫ್ ತೆರೆದು ಪಾಸ್‌ಪೋರ್ಟ್ ಹುಡುಕಿ, ಅದನ್ನು ಏಜೆಂಟರ ಕೈಗೆ ಕೊಟ್ಟು ಹೋಗುವ ರೂಢಿ ಇದೆ. ಆದ್ದರಿಂದ ಪಾಸ್‌ಪೋರ್ಟನ್ನು ಕ್ಯಾಬಿನ್ನಿನಲ್ಲಿ ಬಿಡುವವರು ಅದನ್ನು ಸೇಫಿನಲ್ಲೇ ಇ‌ಡಿ, ಸೂಟ್‌ಕೇಸಿನ ಒಳಜೇಬಿನಲ್ಲಲ್ಲ. ಮೊದಲು ಏಜೆಂಟರ ಬಳಿ ಹೋಗಿ ಪಾಸ್‌ಪೋರ್ಟ್ ಪಡೆಯಿರಿ, ಆಮೇಲೆ ವಿಮಾ ಸಂಸ್ಥೆಗೆ ತಿಳಿಸಿ. ಮುಂದಿನ ಬಂದರು ಬೇರೆ ದೇಶದಲ್ಲಿದ್ದರೆ ಅಲ್ಲಿಗೆ ವಿಮಾನದಲ್ಲಿ ಇಳಿಯಲು ನಿಮಗೆ ವೀಸಾ ಬೇಕೇ ಎಂದು ಏಜೆಂಟರನ್ನೇ ಕೇಳಿ. ಬೇಕೆಂದಾದರೆ ಅದರ ಮುಂದಿನ ಬಂದರಿಗೆ ಟಿಕೆಟ್ ಕೊಳ್ಳಿ, ಹಡಗು ಅಲ್ಲಿಗೆ ತಲುಪುವುದಕ್ಕಿಂತ ಹಿಂದಿನ ರಾತ್ರಿಯೇ ನೀವು ಅಲ್ಲಿರುವಂತೆ.